ಕಿಗ್ಗದ ಮೇಲಿನ ಬೆಟ್ಟ
ಕುಮಾರಪರ್ವತಕ್ಕೆ 2024ರ ಜನವರಿಯಲ್ಲಿ ಜಾತ್ರೆಯಂತೆ ಜನ ನುಗ್ಗಿದ ಚಿತ್ರಗಳನ್ನು ನೋಡಿದ ಮೇಲೆ ನನಗೆ ಸದ್ದಿಲ್ಲದ ಬೆಟ್ಟವೊಂದು ಬೇಕೆನಿಸಿತ್ತು. ಹಾಗೆ ಸಿಕ್ಕಿದ್ದು ನರಸಿಂಹಪರ್ವತ. ಶೃಂಗೇರಿಯ ಹತ್ತಿರದ ಕಿಗ್ಗದಲ್ಲಿ, ಮಳೆಗಾಗಿ ಜನ ಮೊರೆಯಿಡುವ ಋಷ್ಯಶೃಂಗೇಶ್ವರನಿಗೆ ಕೈಮುಗಿದು, ಅರಣ್ಯ ಇಲಾಖೆಯ ಅನುಮತಿಚೀಟಿ ತೋರಿಸಿ, ಊರಿನವರೇ ಆದ ಮಾರ್ಗದರ್ಶಿಯ ಬೆನ್ನುಹಿಡಿದು ಶನಿವಾರ ಬೆಳಗ್ಗೆ ಹೊರಟೆವು. ಮೊದಲೆರಡು ಗಂಟೆ ಕಾಡೇ ಕಾಡು. ಹಗಲಲ್ಲೂ ಮಬ್ಬು, ಕಾಲಡಿ ಕೊಳೆತ ಎಲೆಯ ಮೆತ್ತೆ, ಎಲ್ಲೋ ಮಂಗಟ್ಟೆಯ ರೆಕ್ಕೆಯ ಭಾರವಾದ ಸದ್ದು. ಡಿಸೆಂಬರ್ ಆದ್ದರಿಂದ ಉಂಬಳಗಳ ಕಾಟವಿರಲಿಲ್ಲ. ಥಟ್ಟನೆ ಮರಗಳು ಮುಗಿದು ಹುಲ್ಲುಗಾವಲು ತೆರೆದುಕೊಂಡಿತು. ಈ ಹುಲ್ಲನ್ನು ‘ಬೋಳು ಗುಡ್ಡ’ ಎಂದು ಬಗೆದು ಗಿಡ ನೆಡಬೇಕೆನ್ನುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ನೆತ್ತಿಯ ಹುಲ್ಲು ಮತ್ತು ಕಣಿವೆಯ ಶೋಲಾ ಕಾಡು ಒಂದೇ ಸಂಸಾರ; ಮಳೆಯನ್ನು ಹೀರಿ, ಹಿಡಿದಿಟ್ಟು, ಬೇಸಗೆಯಲ್ಲೂ ತೊರೆಗಳಿಗೆ ಹನಿಹನಿಯಾಗಿ ಬಿಟ್ಟುಕೊಡುವುದು ಇವೆರಡೂ ಸೇರಿಯೇ. 1,152 ಮೀಟರ್ ಎತ್ತರದ ಶಿಖರದಲ್ಲಿ ಗಾಳಿ ನಿಲ್ಲಗೊಡಲಿಲ್ಲ. ಪಡುವಣಕ್ಕೆ ಇಳಿಯುವ ನೀರು ಸೀತಾನದಿಯಾಗಿ ಅರಬ್ಬಿ ಸಮುದ್ರ ಸೇರಿದರೆ, ಕಿಗ್ಗದ ಕಡೆಗೆ ಹರಿದದ್ದು ತುಂಗೆಯನ್ನು ಕೂಡಿಕೊಂಡು ಬಂಗಾಳ ಕೊಲ್ಲಿಯವರೆಗೆ ನಡೆಯುತ್ತದೆ. ಎರಡು ಕಡಲುಗಳ ನೀರು ಬೇರೆಯಾಗುವ ಆ ಏಣಿನ ಮೇಲೆ ಕೂತು ನಾವು ಬುತ್ತಿ ಬಿಚ್ಚಿದೆವು; ಕೆಳಗಿನ ಕಣಿವೆಯಿಂದ ಮಂಜು ಮೆಲ್ಲಗೆ ಮೇಲೇರುತ್ತಿತ್ತು.