ಅವರ ಸಾಲದ ಕಾಗದ, ನಮ್ಮ ಮನಿ ಬಾಗಿಲು

ಅಕ್ಕಾರ, ಬಾಡಗಿ ಮನಿ ಬದಲು ಮಾಡಿದಾಗ ಹಳೇ ಮಂದಿ ಬಿಟ್ಟು ಹೋದ ಒಡಕು ಬಕೀಟು, ಹರಕು ಕ್ಯಾಲೆಂಡರ್ ಸಿಗೋದು ಇದ್ದದ್ದ. ಸಿಂಧನೂರಿನ ಈ ಮನಿಗೆ ಬಂದಾಗ ನಮಗ ಸಿಕ್ಕಿದ್ದು ಸಾಲದ ಕಾಗದ. ಮೊದಲಿದ್ದ ಹೆಣ್ಮಗಳ ಹೆಸರಿಗೆ ತಿಂಗಳಿಗೆ ಎರಡು ಮೂರು ಬರ್ತಿದ್ವು. ಆಮ್ಯಾಲ ಕಂತು ವಸೂಲಿ ಹುಡುಗ್ರೂ ಬಂದ್ರು.

ಆವಾಗ ನಾ ಮಾಡಿದ ತಪ್ಪು ಮೊದಲು ಹೇಳಿಬಿಡ್ತೀನಿ. ಬಾಗಿಲ ಮುಂದ ಬೈಕ್ ನಿಲ್ಲಿಸಿ ದನಿ ಎತ್ತಿ ಕೇಳಾಕತ್ರು. ನಾವೇ ಸಾಲ ಮಾಡೀವಿ ಅಂತ ಓಣಿ ಮಂದಿ ತಿಳ್ಕೊಂಡಾರು ಅಂತ ಅಂಜಿ, ಮಸ್ಕಿ ಕಡೆ ಇರೋ ಆಕಿ ತವರೂರಿನ ಹೆಸರು ಹೇಳಿಬಿಟ್ಟೆ. ನಮ್ಮ ಮನಿಗೆ ಬರೋದು ನಿಲ್ಲಿಸಿದ್ರು. ಆದ್ರ ಅಲ್ಲಿಗೆ ಹೋಗಿ ಆಕಿ ಮುದುಕಿ ತಾಯಿ ಮುಂದ ಕುಂತ್ರಂತ. ಸಂತ್ಯಾಗ ಸಿಕ್ಕ ಆಕಿ ಅತ್ತಿಗಿ ಇದನ್ನ ಹೇಳಿದಾಗ ನನಗ ತಲಿ ಎತ್ತಾಕ ಆಗ್ಲಿಲ್ಲ.

ಅದಕ್ಕ ನಾ ಹೇಳೋದಿಷ್ಟು. ಕೈಸಾಲ, ಸಂಘದ ಸಾಲ ಮನಿ ಗ್ವಾಡಿಗೆ ಅಂಟಂಗಿಲ್ಲ, ಸೈ ಮಾಡಿದವರಿಗೆ ಅಂಟತೈತಿ. ನಾವು ಅಂಜೋದೂ ಬ್ಯಾಡ, ಅಂಜಿ ಇನ್ನೊಬ್ಬರ ಮರ್ಯಾದಿ ಕಳಿಯೋದೂ ಬ್ಯಾಡ.

ಕಾಗದ ಬಂದ್ರ ಒಡಿಬ್ಯಾಡ್ರಿ, ಒಲಿಗೂ ಹಾಕಬ್ಯಾಡ್ರಿ. ಸೈ ಮಾಡಿ ಇಸ್ಕೊಳ್ಳೋ ಕಾಗದ ಇದ್ರ ಇಸ್ಕೊಬ್ಯಾಡ್ರಿ. ಲಕೋಟಿ ಮ್ಯಾಲ "ಮನೆ ಬಿಟ್ಟು ಹೋಗಿದ್ದಾರೆ, ವಾಪಸ್ ಕಳಿಸಿರಿ" ಅಂತ ಬರದು ಪೋಸ್ಟ್‌ಮನ್ ಕೈಯಾಗ ಕೊಡ್ರಿ. ಒಲಿಗೆ ಹಾಕಿದ್ರ ಕಾಗದ ಮುಟ್ಟೈತಿ ಅಂತ ತಿಳ್ಕೊಂಡು ಇನ್ನೊಂದು ಕಳಿಸ್ತಾರ.

ಮಂದಿ ಬಂದ್ರ ಗುರುತಿನ ಚೀಟಿ ಕೇಳ್ರಿ. ಬಾಡಗಿ ಕರಾರು ತೋರ್ಸ್ರಿ, ಆಧಾರ್ ನಕಲು ಮಾತ್ರ ಕೊಡಬ್ಯಾಡ್ರಿ. ರಿಸರ್ವ್ ಬ್ಯಾಂಕಿನ ನಿಯಮದಾಗ ಮೈಕ್ರೊ ಫೈನಾನ್ಸ್‌ನವರು ಬೆಳಿಗ್ಗೆ 9ಕ್ಕಿಂತ ಮೊದಲು, ಸಂಜಿ 6ರ ಮ್ಯಾಲ ಸಾಲಗಾರರಿಗೆ ಫೋನ್ ಮಾಡಂಗಿಲ್ಲ, ಅವರ ಬೀಗರು ಬಿಜ್ಜರನ್ನ ಕಾಡಂಗಿಲ್ಲ ಅಂತ ಐತಿ. ಬಲವಂತದ ವಸೂಲಿ ತಡಿಯಾಕ 2025ರ ಫೆಬ್ರುವರಿಯಾಗ ನಮ್ಮ ರಾಜ್ಯದಾಗ ಸುಗ್ರೀವಾಜ್ಞೆ ಬಂತು. ಅದರಾಗ 10 ವರ್ಷದ ತನಕ ಜೈಲು, 5 ಲಕ್ಷದ ತನಕ ದಂಡ ಇತ್ತು. ಸಾಲ ತೊಗೊಂಡವರಿಗೇ ಇಷ್ಟು ಆಸರ ಇದ್ದಾಗ, ತೊಗೊಳ್ಳದ ನಾವು ಯಾಕ ಅಂಜಬೇಕು?

ಮನಿ ಕೊಳ್ಳೋರಿಗೆ ಮಾತ್ರ ಬ್ಯಾರೆ ಮಾತು. ಲಿಂಗಸುಗೂರಿನಾಗ ನನ್ನ ತಂಗಿ ಹಳೇ ಮನಿ ಕೊಳ್ಳಾಕ ಹೊಂಟಾಳ. ಮನಿನೇ ಬ್ಯಾಂಕಿಗೆ ಅಡ ಇದ್ರ ಆ ಸಾಲ ಮನಿ ಬೆನ್ನು ಹತ್ತಿ ಬರತೈತಿ. ಅದಕ್ಕ ಸಬ್ ರಿಜಿಸ್ಟ್ರಾರ್ ಕಚೇರಿಯಾಗ ಇಸಿ ತಗಸು, ಮೂಲ ಪತ್ರ ಕಣ್ಣಾರೆ ನೋಡು, ಜೆರಾಕ್ಸ್ ನಂಬಬ್ಯಾಡ ಅಂತ ಹೇಳೀನಿ.

"ಸಾಲ ಮುಳುಗಿಸಿ ಓಡಿ ಹೋದಾಕಿ ಮ್ಯಾಲ ನಿನಗ್ಯಾಕ ಕನಿಕರ?" ಅಂತ ಬಾಜೂ ಮನ್ಯಾಕಿ ಕೇಳಿದ್ಲು. ತೊಗೊಂಡ ಸಾಲ ತೀರಸಬೇಕು, ನಾ ಇಲ್ಲ ಅನ್ನಂಗಿಲ್ಲ. ಆದ್ರ ಅದು ಆಕಿಗೂ ಕೊಟ್ಟವರಿಗೂ ಇರೋ ಲೆಕ್ಕ. ನಮ್ಮ ಕಡೆ ಮಳಿ ಕೈ ಕೊಟ್ಟ ವರ್ಷ ಬೀಗ ಹಾಕಿ ಬೆಂಗಳೂರಿಗೆ ಗುಳೆ ಹೋಗೋರು ಎಷ್ಟು ಮಂದಿಲ್ಲ? ಹೋದವರೆಲ್ಲಾ ಮೋಸಗಾರರಾ?

ಅತ್ತಿಗಿ ಕಡಿಂದ ಆಕಿ ನಂಬರ್ ಇಸ್ಕೊಂಡೀನಿ. ಕಾಗದ ಬಂದ್ರ, ಲಕೋಟಿ ಮ್ಯಾಲಿನ ಹೆಸರು ನೋಡಿ, "ತಂಗಿ, ಇಂಥಾ ಕಡಿಂದ ಬಂದೈತಿ, ನೀನ ಹೋಗಿ ಮಾತಾಡು" ಅಂತ ಹೇಳ್ತೀನಿ. ಆ ನಂಬರ್ ಮಾತ್ರ ಯಾರಿಗೂ ಕೊಟ್ಟಿಲ್ಲ, ಕೊಡಂಗೂ ಇಲ್ಲ.