ಸೂಜಿ ಮುಚ್ಚಿಟ್ಟು ಮದುವೆಯೇ?

"ಈಗಲೇ ಯಾಕೆ ಹೇಳ್ತೀರಿ? ಮೂರು ಗಂಟು ಬೀಳಲಿ, ಆಮೇಲೆ ನಿಧಾನಕ್ಕೆ ಹೇಳಿದರಾಯಿತು." ಇನ್ಸುಲಿನ್ ತೆಗೆದುಕೊಳ್ಳುವ ಹೆಣ್ಣುಮಗಳಿರುವ ಯಾವ ಮನೆಗೆ ಬೇಕಾದರೂ ಹೋಗಿ, ಈ ಮಾತು ಅಲ್ಲಿ ಯಾರದಾದರೂ ಬಾಯಿಂದ ಬಂದೇ ಬಂದಿರುತ್ತದೆ. ಸೋದರತ್ತೆ ಹೇಳಿರುತ್ತಾಳೆ, ಸಂಬಂಧ ಕುದುರಿಸುವ ಭಟ್ಟರು ಹೇಳಿರುತ್ತಾರೆ, ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ತರರು ಹೇಳಿರುತ್ತಾರೆ. ನನ್ನ ಅಮ್ಮನಿಗೆ ಒಬ್ಬ ಡಾಕ್ಟರೇ ಹೇಳಿದ್ದರು. ಎಲ್ಲರೂ ನಮ್ಮ ಒಳ್ಳೆಯದನ್ನೇ ಬಯಸುವವರು. ನಾನು ಜಗಳಕ್ಕೆ ನಿಂತಿರುವುದು ಆ ಒಳ್ಳೆಯ ಜನರ ಜೊತೆಗೇ.

ನನಗೆ ಈ ಕಾಯಿಲೆ ಬಂದದ್ದು 1986ರಲ್ಲಿ, 13ನೆಯ ವಯಸ್ಸಿಗೆ. ಆಗ ಗಾಜಿನ ಸಿರಿಂಜು. ಅಮ್ಮ ಬೆಳಿಗ್ಗೆ ಹಾಲು ಕಾಯಿಸುವ ಮೊದಲು ಅದನ್ನು ಕುದಿಸುತ್ತಿದ್ದಳು. ಫ್ರಿಜ್ ಇಲ್ಲದ ಮನೆ, ಔಷಧಿಯ ಸೀಸೆಗೆ ಮಣ್ಣಿನ ಮಡಕೆಯೇ ತಂಪು. "ಮಗುವಿಗೆ ಸಿಹಿ ಕೊಟ್ಟು ಕೊಟ್ಟು ಹೀಗಾಯ್ತು" ಎಂದು ಅಮ್ಮನಿಗೆ ಹೇಳದವರಿಲ್ಲ. ಸಿಹಿಗೂ ಇದಕ್ಕೂ ಸಂಬಂಧವೇ ಇಲ್ಲ. ನಮ್ಮ ದೇಹದ ಕಾವಲು ಪಡೆಯೇ ದಿಕ್ಕು ತಪ್ಪಿ, ಮೇದೋಜೀರಕದಲ್ಲಿ ಇನ್ಸುಲಿನ್ ತಯಾರಿಸುವ ಕಣಗಳನ್ನು ಕೊಂದು ಹಾಕುತ್ತದೆ. ಮಾತ್ರೆ, ಪಥ್ಯ, ಹಾಗಲಕಾಯಿ ರಸ ಯಾವುದೂ ಆ ಇನ್ಸುಲಿನ್ನಿನ ಜಾಗ ತುಂಬಲಾರವು. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ 14 ವರ್ಷದ ಹುಡುಗನೊಬ್ಬನಿಗೆ ಮೊದಲ ಇನ್ಸುಲಿನ್ ಚುಚ್ಚಿದರು. ಅದಕ್ಕೆ ಮುಂಚೆ ಇಂಥ ಮಕ್ಕಳನ್ನು ಉಪವಾಸ ಕೆಡವಿ ಒಂದಷ್ಟು ತಿಂಗಳು ಜೀವ ಹಿಡಿದಿಡುತ್ತಿದ್ದರು, ಅಷ್ಟೆ. ಹಾಗಾಗಿ ನಮಗೆ ಇದು ಔಷಧಿಗಿಂತ ಹೆಚ್ಚಾಗಿ ಅನ್ನ, ನೀರು ಇದ್ದ ಹಾಗೆ. ಇದನ್ನು ಮುಚ್ಚಿಡು ಎನ್ನುವವರು ಏನನ್ನು ಮುಚ್ಚಿಡಲು ಹೇಳುತ್ತಿದ್ದಾರೆಂದು ಒಂದು ಗಳಿಗೆ ಯೋಚಿಸಬೇಕು.

ನನ್ನ ದೊಡ್ಡಮ್ಮನ ಮೊಮ್ಮಗಳೊಬ್ಬಳಿದ್ದಾಳೆ, ನನ್ನನ್ನು ಚಿಕ್ಕಮ್ಮ ಎನ್ನುತ್ತಾಳೆ. ಅವಳದೂ ಇದೇ ಕಾಯಿಲೆ. ಹೇಳದೆಯೇ ಮದುವೆ ಮಾಡಿದರು. ಇನ್ಸುಲಿನ್ ಪೆನ್ನು ಪೌಡರ್, ಕಾಡಿಗೆಯ ಚೀಲದೊಳಗೆ ಸೇರಿತು. ಗಂಡನ ಮನೆಯಲ್ಲಿ ಬಚ್ಚಲಿನ ಬಾಗಿಲು ಹಾಕಿಕೊಂಡು ಚುಚ್ಚಿಕೊಳ್ಳುತ್ತಿದ್ದಳು. ಊಟಕ್ಕೆ ಸ್ವಲ್ಪ ಮೊದಲು ಚುಚ್ಚಿಕೊಂಡರೆ ಸ್ವಲ್ಪದರಲ್ಲೇ ಊಟ ಬೀಳಬೇಕು, ಅದು ಲೆಕ್ಕ. ಆದರೆ ಹೊಸ ಸೊಸೆ ಗಂಡಸರ ಪಂಕ್ತಿಗೆ ಬಡಿಸಿ, ಹೆಂಗಸರ ಪಂಕ್ತಿಗೆ ಬಡಿಸಿ, ಕೊನೆಗೆ ತಾನು ಎಲೆಯ ಮುಂದೆ ಕೂರುವ ಹೊತ್ತಿಗೆ ಗಂಟೆ ಮೂರು. ಒಂದು ದಿನ ಸಾರಿನ ಪಾತ್ರೆ ಹಿಡಿದವಳೇ ಬೆವತು, ತೊದಲಿ, ಕುಸಿದು ಕೂತಳು. ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕೊಟ್ಟಿದ್ದರೆ ಕಾಲು ಗಂಟೆಯಲ್ಲಿ ಎದ್ದು ಓಡಾಡುತ್ತಿದ್ದಳು. ಗೊತ್ತಿದ್ದವರು ಯಾರು? ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದರು. ಯಾರೋ ದೃಷ್ಟಿ ತೆಗೆದರು. ಅಷ್ಟರಲ್ಲಿ ಪುಣ್ಯಕ್ಕೆ ಮಗುವೊಂದು ತಿನ್ನುತ್ತಿದ್ದ ಬೆಲ್ಲದ ಚೂರು ಅವಳ ಕೈಗೆ ಸಿಕ್ಕಿತು.

ಅಲ್ಲಿಗೆ ಮುಗಿಯಲಿಲ್ಲ. ಮತ್ತೆ ಹಾಗೆ ಬಿದ್ದರೆ ಗುಟ್ಟು ರಟ್ಟಾಗುತ್ತದೆಂದು ಹೆದರಿ ಇನ್ಸುಲಿನ್ ಕಡಿಮೆ ಮಾಡಿದಳು, ನೆಂಟರಿದ್ದ ದಿನ ಬಿಟ್ಟೇಬಿಟ್ಟಳು. ಐದನೆಯ ತಿಂಗಳಿಗೆ ವಾಂತಿ ಶುರುವಾಯಿತು. ಹೊಸದಾಗಿ ಮದುವೆಯಾದವಳಿಗೆ ವಾಂತಿ ಎಂದರೆ ಮನೆಯಲ್ಲಿ ಏನು ಅಂದುಕೊಳ್ಳುತ್ತಾರೆ ಹೇಳಿ? ಅತ್ತೆ ನೆರೆಮನೆಗೆ ಸಕ್ಕರೆ ಹಂಚಿ ಬಂದರು! ಇನ್ಸುಲಿನ್ ಇಲ್ಲದೆ ರಕ್ತದಲ್ಲಿ ಆಮ್ಲ ತುಂಬಿದರೂ ಹೀಗೇ ವಾಂತಿ, ಹೊಟ್ಟೆನೋವು, ಏದುಸಿರು. ಎರಡನೆಯ ದಿನ ಪ್ರಜ್ಞೆ ತಪ್ಪಿದ ಮೇಲೆ ಆಸ್ಪತ್ರೆ. ಬದುಕಿದಳು. ಅವಳನ್ನು ಸಾವಿನ ಬಾಗಿಲಿಗೆ ತಳ್ಳಿದ್ದು ಅವಳ ಕಾಯಿಲೆಯೆಂದು ನೀವು ಹೇಳಬಹುದು. ಹತ್ತು ವರ್ಷ ಅದೇ ಕಾಯಿಲೆಯಿಟ್ಟುಕೊಂಡು ಅವಳು ಬಿ.ಕಾಂ. ಮುಗಿಸಿದ್ದಳು, ಖೋಖೋ ಆಡಿದ್ದಳು.

"ಹಾಗಂತ ಹೇಳಿಬಿಟ್ಟರೆ ಯಾರಮ್ಮ ಮದುವೆಯಾಗ್ತಾರೆ?" ನ್ಯಾಯವಾದ ಪ್ರಶ್ನೆಯೇ. ಕಡಿಮೆ ಜನ ಆಗುತ್ತಾರೆ. ನನ್ನನ್ನು ನೋಡಲು ಬಂದ ಏಳು ಮನೆಯವರಿಗೂ ನಾನೇ ಬಾಯಿಬಿಟ್ಟು ಹೇಳಿದ್ದೇನೆ. ಮೂವರು ಉಪ್ಪಿಟ್ಟು ಕೇಸರಿಬಾತು ಮುಗಿಸಿ ಹೋದವರು ಒಂದು ಕಾಗದ ಕೂಡ ಹಾಕಲಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ. ಒಬ್ಬರು ವರದಕ್ಷಿಣೆಯ ಮೊತ್ತಕ್ಕೆ ಇನ್ನೊಂದಿಷ್ಟು ಸೇರಿಸಿ, ಅದನ್ನು "ಔಷಧಿ ಖರ್ಚು" ಎಂದು ಕರೆದರು. ಇನ್ನೊಬ್ಬರು ಎರಡು ಮಕ್ಕಳ ತಂದೆ, 45 ವರ್ಷದ ವಿಧುರರು. "ಇಬ್ಬರಲ್ಲೂ ಒಂದೊಂದು ಊನ, ಸರಿಹೋಯ್ತು" ಎಂದು ಭಟ್ಟರು ತಕ್ಕಡಿ ಹಿಡಿದರು. ಇವರ ಮೇಲೂ ಸಿಟ್ಟು ಮಾಡಿಕೊಂಡು ಕೂರುವಷ್ಟು ಪುರುಸೊತ್ತಿಲ್ಲ.

ಸಿಟ್ಟಿರುವುದು ಆರನೆಯವನ ಮೇಲೆ. ಇಂಜಿನಿಯರು, ಸುಸಂಸ್ಕೃತ, ಓದಿಕೊಂಡವನು. ನನ್ನ ಮಾತೆಲ್ಲ ತಾಳ್ಮೆಯಿಂದ ಕೇಳಿ ಮೆಲ್ಲಗೆ ಹೇಳಿದ: "ನನ್ನದೇನೂ ಅಭ್ಯಂತರವಿಲ್ಲ. ಅಮ್ಮನಿಗೆ ಮಾತ್ರ ಗೊತ್ತಾಗದ ಹಾಗೆ ನೋಡಿಕೊಳ್ಳಿ." ಒಳಗಿದ್ದ ನಮ್ಮಮ್ಮನಿಗೆ ದೇವರೇ ಬಂದ ಹಾಗಾಯಿತು. ನನಗೆ ಮೈಯೆಲ್ಲ ಉರಿಯಿತು. ಬೇರೆಯವರು ಬೇಡವೆಂದು ಹೋದರು. ಇವನು ತನ್ನ ಅಮ್ಮನ ಅಡುಗೆಮನೆಯಲ್ಲಿ ನಾನು ಆಯುಷ್ಯವಿಡೀ ಕಳ್ಳಿಯಂತೆ ಬದುಕಲಿ ಎಂದ, ಅದೂ ಉಪಕಾರ ಮಾಡುವ ದನಿಯಲ್ಲಿ. ಅಮ್ಮನಿಗೆ ಹೇಳುವ ಧೈರ್ಯವಿಲ್ಲದವನು ಮಧ್ಯರಾತ್ರಿ ನನಗೆ ಸಕ್ಕರೆ ಇಳಿದಾಗ ಯಾವ ನೆಪ ಹೇಳಿ ಅಡುಗೆಮನೆಯ ದೀಪ ಹಾಕುತ್ತಿದ್ದ? ಬೇಡವೆಂದೆ. ಅಮ್ಮ ಒಂದು ವಾರ ನನ್ನೊಂದಿಗೆ ಮಾತು ಬಿಟ್ಟಳು.

ಇನ್ನು ಅತ್ತೆಯಾಗುವವರ ವಿಚಾರ. ನಮ್ಮ ಊರುಗಳಲ್ಲಿ ಶುಗರ್ ಮಾತ್ರೆ ನುಂಗದ ಅತ್ತೆಯರನ್ನು ಹುಡುಕಬೇಕು. ಬೆಳಿಗ್ಗೆ ತಾವು ಮಾತ್ರೆ ನುಂಗಿ, ಹತ್ತು ಗಂಟೆಗೆ ಹೆಣ್ಣು ನೋಡಲು ಬಂದು, "ಹುಡುಗಿಗೆ ಸಕ್ಕರೆಯಂತೆ, ನಾಳೆ ಮಕ್ಕಳಿಗೆ ಬಂದರೆ?" ಎನ್ನುತ್ತಾರೆ. ಮನೆತನದಲ್ಲಿ ಹರಿದು ಬರುವ ಗುಣ ಹೆಚ್ಚಾಗಿರುವುದು ಅವರ ಬಗೆಯ ಕಾಯಿಲೆಗೇ ಹೊರತು ನಮ್ಮದಕ್ಕಲ್ಲ. ಅಮೆರಿಕದ ಮಧುಮೇಹ ಸಂಸ್ಥೆ ಕೊಡುವ ಲೆಕ್ಕ ನೋಡಿ: ನಮ್ಮ ಬಗೆಯ ಕಾಯಿಲೆ ತಂದೆಗಿದ್ದರೆ ಮಗುವಿಗೆ ಬರುವ ಸಂಭವ 17ರಲ್ಲಿ ಒಂದು. ತಾಯಿಗಿದ್ದು ಅವಳು 25 ತುಂಬುವ ಮೊದಲೇ ಹೆತ್ತರೆ 25ರಲ್ಲಿ ಒಂದು, ಆಮೇಲೆ ಹೆತ್ತರೆ 100ರಲ್ಲಿ ಒಂದು. ಅಂದರೆ ಅಪ್ಪನಿಂದಲೇ ಹೆಚ್ಚು! ಆದರೂ ಗಂಡಿಗಿದ್ದರೆ "ಸ್ವಲ್ಪ ಶುಗರ್ ಅಷ್ಟೇ", ಹೆಣ್ಣಿಗಿದ್ದರೆ ವಂಶದ ಪ್ರಶ್ನೆ. ವಾಸಿಮ್ ಅಕ್ರಮ್‌ಗೆ ಇದೇ ಕಾಯಿಲೆ 1997ರಲ್ಲಿ ಪತ್ತೆಯಾಯಿತು, 2003ರವರೆಗೂ ಆತ ಅಂತರರಾಷ್ಟ್ರೀಯ ಕ್ರಿಕೆಟ್ಟಿನಲ್ಲಿ ಬೌಲಿಂಗ್ ಮಾಡಿದ. ಅದು ಛಲ. ಥೆರೇಸಾ ಮೇ ಇನ್ಸುಲಿನ್ ಚುಚ್ಚಿಕೊಳ್ಳುತ್ತಲೇ 2016ರಿಂದ 2019ರವರೆಗೆ ಬ್ರಿಟನ್ನಿನ ಪ್ರಧಾನಿಯಾಗಿದ್ದರು. ಆ ಜನ ಅವರ ಕೈಗೆ ದೇಶವನ್ನೇ ಕೊಟ್ಟರು, ನಮ್ಮವರು ಹುಳಿಯ ಸೌಟು ಕೊಡಲು ಹಿಂದುಮುಂದು ನೋಡುತ್ತಾರೆ.

ಬಸುರಿನ ಮಾತಿಗೆ ಬಂದರೆ ಗುಟ್ಟಿನ ಅಪಾಯ ಇನ್ನೂ ದೊಡ್ಡದು. ನಾವು ಹೆರಬಹುದು, ಆರೋಗ್ಯವಂತ ಮಕ್ಕಳನ್ನೇ ಹೆರುತ್ತೇವೆ. ಆದರೆ ಮಗುವಿನ ಹೃದಯ, ಬೆನ್ನುಹುರಿ ರೂಪುಗೊಳ್ಳುವುದು ಮೊದಲ ಕೆಲವು ವಾರಗಳಲ್ಲಿ, ಎಷ್ಟೋ ಸಲ ಮುಟ್ಟು ನಿಂತದ್ದು ಗಮನಕ್ಕೆ ಬರುವ ಮೊದಲೇ. ಆದ್ದರಿಂದ ಸಕ್ಕರೆಯನ್ನು ಹತೋಟಿಗೆ ತಂದು, ಡಾಕ್ಟರಿಗೆ ತೋರಿಸಿ, ಆಮೇಲೆ ಗರ್ಭ ಧರಿಸಬೇಕು. ಅದಕ್ಕೆ ಗಂಡ ಹೆಂಡತಿ ಕೂತು ಮಾತಾಡಿ ಆರೇಳು ತಿಂಗಳು ಕಾಯಬೇಕಾಗುತ್ತದೆ. ಕಾಯಿಲೆಯ ಹೆಸರನ್ನೇ ಎತ್ತಲಾಗದ ಮನೆಯಲ್ಲಿ, "ಇನ್ನೂ ವಿಶೇಷ ಏನೂ ಇಲ್ವಾ?" ಎಂದು ಎಲ್ಲರೂ ಕೇಳುತ್ತಿರುವಾಗ, ಯಾವ ಬಾಯಲ್ಲಿ ಹೇಳುವುದು ಕಾಯೋಣ ಎಂದು?

ಕಾನೂನಿನ ಕಡೆಯಿಂದಲೂ ನೋಡಿ. 1955ರ ಹಿಂದೂ ವಿವಾಹ ಕಾಯಿದೆಯಲ್ಲಿ ಮೂರ್ಛೆರೋಗದ ಹೆಸರು 1999ರವರೆಗೆ ಇತ್ತು, ಕುಷ್ಠದ ಹೆಸರು 2019ರವರೆಗೆ ಇತ್ತು, ಮಧುಮೇಹದ ಹೆಸರು ಇರಲೇ ಇಲ್ಲ. ಕಾಯಿಲೆಯಿದೆ ಎಂಬ ಕಾರಣಕ್ಕೇ ಮದುವೆ ಅಸಿಂಧುವಾಗುವುದಿಲ್ಲ. ಆದರೆ ಮುಖ್ಯವಾದ ಸಂಗತಿಯಲ್ಲಿ ಮೋಸ ಮಾಡಿ ಒಪ್ಪಿಗೆ ಪಡೆದರು ಎಂದು 12ನೆಯ ಕಲಮಿನಡಿ ಅರ್ಜಿ ಹಾಕಲು ದಾರಿಯಿದೆ, ವಿಷಯ ತಿಳಿದ ಒಂದು ವರ್ಷದೊಳಗೆ. ಕೋರ್ಟು ಅದನ್ನು ಒಪ್ಪುತ್ತದೋ ಬಿಡುತ್ತದೋ, ವಕೀಲರ ನೋಟೀಸಂತೂ ಹುಡುಗಿಯ ಅಪ್ಪನ ಹೆಸರಿಗೇ ಬರುತ್ತದೆ. ಅವತ್ತು "ಆಮೇಲೆ ಹೇಳಿದರಾಯಿತು" ಎಂದಿದ್ದ ಸೋದರತ್ತೆ, ಭಟ್ಟರು, ಹೆಡ್‌ಮಾಸ್ತರರು ಯಾರೂ ಕೋರ್ಟಿನ ಕಟ್ಟೆಯ ಮೇಲೆ ಬಂದು ಕೂರುವುದಿಲ್ಲ.

ಈಗಿನ ಹುಡುಗಿಯರು ಜಾತಕಕ್ಕೆ ಕಾಯುವುದಿಲ್ಲ. ಆಫೀಸಿನಲ್ಲೋ ಕಾಲೇಜಿನಲ್ಲೋ ತಾವೇ ನೋಡಿ, ಕಾಫಿ ಕುಡಿದು, ಮಾತಾಡಿ ಮೆಚ್ಚುತ್ತಾರೆ. ಒಳ್ಳೆಯದೇ. ಆದರೆ ಆರು ತಿಂಗಳು ಜೊತೆಗೆ ಓಡಾಡಿಯೂ ಹೋಟೆಲಿನ ಶೌಚಾಲಯದಲ್ಲಿ ನಿಂತು ಚುಚ್ಚಿಕೊಳ್ಳುವ ಹುಡುಗಿಯರಿದ್ದಾರೆ. "ಯಾವಾಗ ಹೇಳಲಿ ಆಂಟಿ?" ಎಂದು ಕೇಳುತ್ತಾರೆ. ಮೊದಲ ದಿನವೇ ಫೈಲು ಬಿಚ್ಚಬೇಕಿಲ್ಲ. ಮನಸ್ಸು ಕೊಡುವ ಮೊದಲು ಹೇಳು, ಅಷ್ಟೆ. ಮೇಜಿನ ಮೇಲೆ ದೋಸೆ ಬಂದಾಗ ಪೆನ್ನು ತೆಗೆದು ಅವನೆದುರೇ ಚುಚ್ಚಿಕೋ. "ಅಯ್ಯೋ ಪಾಪ" ಎಂದರೆ ಸಂಶಯಪಡು. "ಹರಳೆಣ್ಣೆ ಬೇಕಾ, ಹೋಮಿಯೋಪತಿ ನೋಡಿದ್ದೀಯಾ" ಎಂದರೂ ಸಂಶಯಪಡು. "ಎಷ್ಟು ಯೂನಿಟ್ಟು? ದೋಸೆ ತಣ್ಣಗಾಗ್ತಿದೆ" ಎಂದರೆ ಇನ್ನೊಂದು ಸಲ ಕಾಫಿಗೆ ಹೋಗಬಹುದು.

ಏಳನೆಯವರು ಮಹಾತ್ಮರೇನಲ್ಲ. ವಿಷಯ ಕೇಳಿದೊಡನೆ ತಮ್ಮ ತಾಯಿಯ ಎದುರೇ, "ಸೂಜಿ ನೋಡಿದರೆ ನನಗೆ ತಲೆ ಸುತ್ತುತ್ತದೆ, ಅದೊಂದು ನನ್ನ ಕೈಲಾಗಲ್ಲ" ಎಂದರು. ಕಾಲು ಶತಮಾನ ದಾಟಿತು, ಈಗಲೂ ನಾನು ಪೆನ್ನು ಎತ್ತಿದರೆ ಮುಖ ಆ ಕಡೆ ತಿರುಗಿಸುತ್ತಾರೆ. ಅತ್ತೆಯವರು ಇದ್ದಷ್ಟು ದಿನ ಹಬ್ಬದಡುಗೆ ಎಷ್ಟೇ ತಡವಾಗಲಿ, ನನ್ನ ಎಲೆ ಮಾತ್ರ ಒಂದು ಗಂಟೆಗೆ ಹಾಕಿಸುತ್ತಿದ್ದರು. "ನಮ್ಮ ಕಾಲದಲ್ಲಿ ಸೊಸೆಯರು ಹೀಗೆ ಮೊದಲು ಉಣ್ಣುತ್ತಿರಲಿಲ್ಲ" ಎಂದು ಗೊಣಗಿಕೊಂಡೇ ಅನ್ನ ಬಡಿಸುತ್ತಿದ್ದರು.