ಆರು ತಿಂಗಳ ಮನೆ
ಬೆಂಗಳೂರಿನ ಜಯನಗರ 4ನೇ ಬ್ಲಾಕಿನಲ್ಲಿ ಶಾಲೆ ಶುರುವಾಗುವ ವಾರ ಬ್ಯಾಗು, ಬೂಟು, ಯೂನಿಫಾರಂಗಳದೇ ಸಂತೆ. ಜೂನ್ ಎಂದರೆ ಮಕ್ಕಳಿಗೆ ಹೊಸ ವರ್ಷ. ಕೋರ್ಟಿನ ಕ್ಯಾಲೆಂಡರಿಗೆ ಮಾತ್ರ ಅದು ನಡುವರ್ಷ. 2013ರಲ್ಲಿ ಕರ್ನಾಟಕ ಹೈಕೋರ್ಟು ಬೇರೆಯಾದ ದಂಪತಿಯ ಪ್ರಕರಣವೊಂದರಲ್ಲಿ, ಮಗು ಜನವರಿ 1ರಿಂದ ಜೂನ್ 30ರವರೆಗೆ ತಂದೆಯ ಬಳಿ, ಜುಲೈ 1ರಿಂದ ಡಿಸೆಂಬರ್ 31ರವರೆಗೆ ತಾಯಿಯ ಬಳಿ ಇರಲಿ, ಖರ್ಚು ಸಮಪಾಲು ಎಂದಿತು. ವಾರಕ್ಕೊಮ್ಮೆ ಚಾಕೊಲೇಟ್ ಹಿಡಿದು ಬರುವ ನೆಂಟನ ಪಟ್ಟದಿಂದ ಹೆತ್ತವರಲ್ಲಿ ಒಬ್ಬರನ್ನು ಬಿಡಿಸಿದ್ದು ಸಣ್ಣ ಮಾತಲ್ಲ. ಆದರೂ ಸೈಟು ಭಾಗ ಮಾಡಿದಂತೆ ವರ್ಷವನ್ನು ಭಾಗ ಮಾಡಿದರೆ ಹೇಗೆ? ನಮ್ಮೂರಿನ ಬಾಡಿಗೆ ಕರಾರಿಗೇ 11 ತಿಂಗಳ ಆಯಸ್ಸಿದೆ, ಮಗುವಿನ ಮನೆಗೆ ಆರೇ! ಸಮಪಾಲು ಕೊಡದಿದ್ದರೆ ಜಗಳ ನಿಲ್ಲದು ಎನ್ನುವವರಿದ್ದಾರೆ. ಒಪ್ಪೋಣ; ಆದರೆ ಆ ಜಗಳ ದೊಡ್ಡವರದು, 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ ನೋಡಲು ಹೇಳುವುದು ಮಗುವಿನ ಕ್ಷೇಮವನ್ನು. ಆ ಕ್ಷೇಮದಲ್ಲಿ ದೂರದ ಪಾಲೂ ಇದೆ: ಅಪ್ಪ ಬನಶಂಕರಿಯಲ್ಲಿ, ಅಮ್ಮ ಜೆ.ಪಿ. ನಗರದಲ್ಲಿದ್ದರೆ ಮನೆ ಎರಡಾದರೂ ಶಾಲೆ, ಗೆಳೆಯರು, ಸಂಗೀತದ ಮೇಷ್ಟ್ರು ಬದಲಾಗಬೇಕಿಲ್ಲ. ಒಬ್ಬರು ಸಿಲ್ಕ್ ಬೋರ್ಡ್ ದಾಟಿ ವೈಟ್‌ಫೀಲ್ಡ್ ಸೇರಿದರೋ, ಅದೇ ಆದೇಶ ಅರ್ಧ ಬಾಲ್ಯವನ್ನು ಟ್ರಾಫಿಕ್ಕಿಗೆ ಬರೆದುಕೊಟ್ಟಂತೆ. ಕೌಟುಂಬಿಕ ನ್ಯಾಯಾಲಯವಿರುವ ಸಿದ್ದಯ್ಯ ರಸ್ತೆಯ ನ್ಯಾಯದೇಗುಲದ ಮೆಟ್ಟಿಲು ಹತ್ತುವ ಅಪ್ಪ ಅಮ್ಮಂದಿರೇ, ದಿನ ಎಣಿಸುವ ಮೊದಲು ಶಾಲೆಯಿಂದ ಎರಡೂ ಮನೆಗಳ ದೂರ ಅಳೆಯಿರಿ. ಅದನ್ನೂ ಷರತ್ತಿನಲ್ಲಿ ಬರೆಸಿ.